ನಿನ್ನಿ ಏನು ಮಾಡಿದ್ರಿ?

ಹೆಸರು ಮಲ್ಕಪ್ಪ, ತಂದೆ ಸಾಯಬಣ್ಣ.
ವಯಸ್ಸು ನಾಲ್ವತ್ತಾರು.
ಕಲಬುರಗಿಯ ಉದ್ಯೋಗ ವಿನಿಮಯ ಕಚೇರಿಯೊಳಗ
ನನ್ನ ಕಾರ್ಡಿಗೆ ನನಗಿಂತ ಚೊಲೋ ಜ್ವಾಕಿ:
ಮೂರು ವರ್ಷಕ್ಕೊಮ್ಮೆ ನವೀಕರಣ, ಮ್ಯಾಲೊಂದು ಶಿಕ್ಕಾ.
ನಾ ಮಾತ್ರ ಹಳೇದಾಗ್ಕೋತ ಬಂದೀನಿ.

ಬ್ಯಾಳಿ ಗಿರಣಿ ಬಾಗಿಲ ಹಾಕಿದ ದಿನ
ಸಾಹುಕಾರ ಒಂದು ತಿಂಗಳ ಪಗಾರ, ಐದು ಕಿಲೋ ಬ್ಯಾಳಿ ಕೊಟ್ಟ.
ಪಗಾರ ಬ್ಯಾಳಿಗಿಂತ ಮೊದಲ ತೀರಿತು.
ಅಲ್ಲಿಂದ ಇಲ್ಲೀತನಕ ಒಂಬತ್ತು ವರ್ಷ.
ಸಂದರ್ಶನದವರು ಅದಕ್ಕ ಗ್ಯಾಪ್ ಅಂತಾರ.
"ಈ ಗ್ಯಾಪ್ ಯಾಕ್ರಿ?"
ತೊಗರಿಕಟ್ಟಿಗಿ ಬೇಲ್ಯಾಗ ಗ್ಯಾಪ್ ಬಿದ್ರ ಆಡು ನುಗ್ತಾವ;
ನನ್ನ ಗ್ಯಾಪಿನ್ಯಾಗ ಹಾದು
ಮಗಳ ಬಿ.ಎ. ಹೋಯ್ತು, ಹೆಂಡತಿ ಬೋರಮಾಳ ಹೋಯ್ತು,
ಕಟ್ಟಿ ಮ್ಯಾಲ ಕುಂತು ನಗೋ ಚಾಳಿ ಹೋಯ್ತು.

ತರಬೇತಿ ಕೊಟ್ಟಾರ, ಸುಳ್ಳ್ಯಾಕ ಹೇಳ್ಲಿ.
ಮೊಬೈಲ್ ರಿಪೇರಿ, ಹದಿನೈದು ದಿನ.
ಅಣಬಿ ಬೆಳಸೂದು, ನಾಲ್ವತ್ತಮೂರು ಡಿಗ್ರಿ ಬಿಸಲಾಗ.
ಕಂಪ್ಯೂಟರ್: ಮೌಸ್ ಹಿಡಿಯೂದು ಬಂತು, ಕೋರ್ಸ್ ಮುಗೀತು.
ಮೂರೂ ಸರ್ಟಿಫಿಕೇಟು ಲ್ಯಾಮಿನೇಶನ್ ಮಾಡ್ಸೀನಿ,
ಒಂದಕ್ಕ ಇಪ್ಪತ್ತು ರೂಪಾಯಿ, ನಂದೇ.
ಉದ್ಯೋಗ ಮೇಳದಾಗ ಟೊಪಗಿ, ನೀರಿನ ಬಾಟ್ಲಿ ಕೊಟ್ಟು
"ಮೂವತ್ತರ ಒಳಗಿನವ್ರು ಈ ಕಡೆ" ಅಂದ್ರು.
ಇನ್ನೊಂದು ಕಡೆ ಯಾವ್ದಂತ ಯಾರೂ ಹೇಳಲಿಲ್ಲ.

ಈ ಏಪ್ರಿಲ್‌ದಾಗ ಮೂರನೇ ಟೇಬಲಿಗೆ ಹೊಸಬರು ಬಂದ್ರು,
ತಯ್ಯಬಾ ಮೇಡಂ.
ನನ್ನ ಫೈಲು ಬಿಚ್ಚಲಿಲ್ಲ. ಪೆನ್ನಿನ ಟೊಪಗಿ ತಗದು ಕೇಳಿದ್ರು:
"ನಿನ್ನಿ ಏನು ಮಾಡಿದ್ರಿ?"
"ಏನೂ ಇಲ್ರಿ."
ಸುಮ್ಮನ ಕುಂತ್ರು. ಫ್ಯಾನು ತಿರುಗ್ತಿತ್ತು.
ಹಿಂದಿನ ಸಾಲು ಕೆಮ್ಮಿತು. ಅವರಿಗೆ ಅವಸರ ಇರಲಿಲ್ಲ.

"ಮುಂಜಾನಿ… ಬಾಜೂ ಮನಿ ಕೂಲರ್ ಬಿಚ್ಚಿದ್ದೆ.
ಮೋಟಾರ್ ಸುಟ್ಟಿತ್ತು, ವೈಂಡಿಂಗ್ ಮಾಡ್ದೆ.
ಮಧ್ಯಾಹ್ನ ಮಸೂತಿ ಹಿಂದಿನ ಹಿಟ್ಟಿನ ಗಿರಣಿ, ಪಟ್ಟಾ ಜಾರ್ತಿತ್ತು.
ಸಂಜೀಕ ಓಣಿ ಬೋರಿನ ಸ್ಟಾರ್ಟರ್."
"ಎಷ್ಟು ಕೊಟ್ರು?"
"ಚಹಾ ಕೊಟ್ರು."
ಅವರು ಬರೀತಾನೇ ಇದ್ರು.
ಅಚ್ಚಾದ ಫಾರ್ಮಿನ್ಯಾಗ ಅದಕ್ಕ ಕಾಲಮ್ಮೇ ಇಲ್ಲ;
ಸ್ಕೇಲ್ ಇಟ್ಟು ತಾವೇ ಗೆರಿ ಎಳದಾರ, ಜೆರಾಕ್ಸು ತಮ್ಮ ರೊಕ್ಕದ್ದು.
ಅವರ ಕುರ್ಚಿನೂ ಗುತ್ತಿಗೀದೇ ಅಂತ
ಜವಾನ ಆಮ್ಯಾಲ ಹೇಳ್ದ.

ಚೀಟಿ ಕೊಟ್ಟು ಕಳಸಲಿಲ್ಲ. ಜೋಡೀಲೆ ಬಂದ್ರು
ಕಪನೂರ ಕಡೆ ಗಿರಣಿಗೆ, ಶೇರ್ ಆಟೋದಾಗ,
ನನ್ನ ಲ್ಯಾಮಿನೇಶನ್ನು ತಮ್ಮ ತೊಡಿ ಮ್ಯಾಲ ಇಟ್ಕೊಂಡು.
ಮಾಲಕ ಕೇಳ್ದ: "ಒಂಬತ್ತು ವರ್ಷ ಎಲ್ಲಿದ್ದಿ?"
ನಾ ಗೋಡಿ ಆಚಿ ಎಲಿವೇಟರ್ ಸಪ್ಪಳಕ್ಕ ಕಿವಿ ಕೊಟ್ಟಿದ್ದೆ.
"ಎಡಕಿನ ಬೇರಿಂಗ್ ಇನ್ನ ನಾಕ್ ದಿನ ತಡೀತದ್ರಿ."

ಅದು ಹನ್ನೊಂದು ದಿನ ತಡೀತು.
ಐದನೇ ದಿನದಿಂದ ನಿದ್ದಿ ಇಲ್ಲ,
ಕಿವಿಗೂ ತುಕ್ಕ ಹಿಡೀತೇನು ಅಂತ.
ಸಂಜೀಕ ಮೇಡಂ ಫೋನು: "ಊಟ ಆಯ್ತೇನ್ರಿ?"
ಕೆಲಸದ ಮಾತೇ ಇಲ್ಲ.
ಹನ್ನೊಂದಕ್ಕ ಗಿರಣಿ ನಿಂತಿತು, ಮಾಲಕ ಕರದ.

ಮೊದಲನೇ ವಾರ ಬಿಟ್ಟು ಬರೋದಿತ್ತು.
ಬಣ್ಣ ನೋಡಿ ಬ್ಯಾಳಿ ಆರಸೋ ಮಷೀನು,
ಅದರ ಗಾಜಿನ ಪರದಿ ಮುಟ್ಲಾಕ ನನಗ ಅಂಜಿಕಿ,
ಹುಡುಗರು "ಕಾಕಾ, ಅದು ಕಚ್ಚಂಗಿಲ್ಲ" ಅಂದು ನಕ್ಕಾವ.
ಮರುದಿನ ಮೇಡಂ ಗೇಟಿಗೇ ಬಂದ್ರು.
ಹುಡುಗರಿಗೇನು ಹೇಳಿದ್ರೋ. ನನಗ ಇಷ್ಟೇ:
"ನಾಳೆ ಒಂದು ಗುಂಡಿ ಕಲೀರಿ. ಒಂದೇ."

ಈಗ ಐದು ಗುಂಡಿ ಬರ್ತಾವ.
ಫೋನು ಇನ್ನೂ ಬರ್ತದ.

ಸೋಮವಾರ ಗಿರಣಿ ಸೂಟಿ, ಕಚೇರಿಗೆ ಬಂದೀನಿ,
ಕಾರ್ಡು ವಾಪಸ್ ಕೊಡೋದದ.
ಬೆಂಚಿನ ಮ್ಯಾಲ ಒಬ್ಬಾಕಿ, ಮಡಲಾಗ ಪ್ಲಾಸ್ಟಿಕ್ ಚೀಲ,
"ಏನೂ ಇಲ್ರಿ, ಏನೂ ಇಲ್ರಿ" ಅಂತ
ತನ್ನಷ್ಟಕ್ಕ ಬಾಯಿಪಾಠ ಮಾಡ್ಲಿಕತ್ತಾಳ.
ಸರದು ಜಾಗ ಮಾಡ್ದೆ.
"ಕೂಡವ್ವ. ನೆನಪಾಗ್ತದ.
ಅವರು ಕಾಯ್ತಾರ."