ದಮ್ಮು ಹಿಡಿದವನು

ಪತ್ರಿಕೆಯ ಹುಡುಗ ಯೆರೆವಾನಿನಿಂದ ಬಂದಿದ್ದ.
ಬೂಟಿನ ಹಿಮ ಬಾಗಿಲಲ್ಲೇ ಕೊಡವಿ, ಕೂತು, ಕೇಳಿದ:
ಹೆಘಿನೆ ಅವರೇ, ನಿಮಗೆ ಸ್ಫೂರ್ತಿ ಯಾರು?
ವಾಘಾರ್ಶ್ ಎಂದೆ. ಎಲ್ಲರೂ ಹೇಳುವ ಹೆಸರು.
ಅವನ ದುದುಕ್ ಕೇಳಿದರೆ
ಗ್ಯುಮ್ರಿಯ ಕಪ್ಪು ಕಲ್ಲಿನ ಗೋಡೆಗಳೂ ಬೆವರುತ್ತಿದ್ದವು ಎಂದೆ.
ಬರೆದುಕೊಂಡ.
ಯೆರ್ವಾಂದ್ ಮೇಷ್ಟ್ರು ಎಂದೆ, ಚಿತ್ರ ಕಲಿಸಿದವರು.
ಅದನ್ನೂ ಬರೆದುಕೊಂಡ.
ಆಮೇಲೆ ಚಹಾ ಆರುವವರೆಗೆ ಸುಮ್ಮನಿದ್ದೆ.

ಹೇಳಬೇಕಾದ್ದು ಮೂರನೆಯವನದು.

ವಾಘಾರ್ಶನ ಎಡಗಡೆ, ಒಂದು ಗೇಣು ಹಿಂದೆ,
ಒಂದು ಕುಂಟು ಸ್ಟೂಲು. ಅದರ ಮೇಲೆ ಮ್ನಾತ್ಸಕಾನ್.
ಅವನ ಕೈಯಲ್ಲೂ ದುದುಕ್ಕೇ; ಅದೇ ಏಪ್ರಿಕಾಟ್ ಮರ,
ಅದೇ ಅಗಲ ನಾಲಗೆಯ ಜೊಂಡು.
ಆದರೆ ಊದುತ್ತಿದ್ದದ್ದು ಒಂದೇ ಸ್ವರ.
ದಮ್ ಅನ್ನುತ್ತಾರೆ ಅದಕ್ಕೆ ನಮ್ಮಲ್ಲಿ.
ಪಾರಸಿಗರಿಂದ ಬಂದ ಮಾತಂತೆ. ಉಸಿರು, ಅಷ್ಟೇ.

ಕೆನ್ನೆಗಳೆರಡೂ ತಿದಿ;
ಬಾಯಿಂದ ಬಿಡುವಾಗಲೇ ಮೂಗಿಂದ ಒಳಕ್ಕೆ.
ಮದುವೆಯಿರಲಿ ಮಣ್ಣಿರಲಿ
ನಲವತ್ತು ವರ್ಷ ಒಂದೇ ಸ್ವರ,
ಮುರಿಯದೆ.
ಅವನ ಹೆಸರಿನ ಅರ್ಥವೇ ಉಳಿದವನು ಅಂತ.
ಮುಂಚೆ ಹುಟ್ಟಿದ ಮೂವರು ಉಳಿಯಲಿಲ್ಲ, ಅದಕ್ಕೇ ಇಟ್ಟದ್ದು.

ನಾನಾಗ ಹತ್ತು ವರ್ಷದವಳು. ನನ್ನ ಕೆಲಸ
ಜೊಂಡು ನೆನೆಸುವ ನೀರಿನ ಲೋಟ ಹಿಡಿದು ನಿಲ್ಲುವುದು.
ನಿನಗೆ ಬೇಜಾರಾಗಲ್ವಾ, ಎಂದು ಕೇಳಿದ್ದೆ.
ತಲೆ ಕೆರೆದುಕೊಂಡ.
"ಅವನು ಎಲ್ಲೆಲ್ಲೋ ಹೋಗ್ತಾನೆ ಮಗಳೇ.
ಯಾರಾದರೂ ಮನೆಯಲ್ಲಿರಬೇಕಲ್ಲ, ಬಾಗಿಲು ತೆಗೆಯೋಕೆ."

ಯೆರ್ವಾಂದ್ ಮೇಷ್ಟ್ರು ಎರಡು ಚಳಿಗಾಲ
ಬಣ್ಣ ಮುಟ್ಟಗೊಡಲಿಲ್ಲ.
ಕ್ಯಾನ್ವಾಸಿಗೆ ಅಂಟು, ಸುಣ್ಣದ ಹಿಟ್ಟು, ಒಣಗಿಸು, ಉಜ್ಜು,
ಮತ್ತೆ ಅಂಟು, ಮತ್ತೆ ಉಜ್ಜು, ಏಳು ಸಲ;
ಕೊನೆಗೊಂದು ಬೂದು ನೆಲ.
ಇದನ್ನು ಯಾರು ನೋಡ್ತಾರೆ, ಎಂದು ಬ್ರಷ್ಷು ಎಸೆದಿದ್ದೆ.
ಎತ್ತಿಕೊಟ್ಟರು. ಉತ್ತರ ಕೊಡಲಿಲ್ಲ.

ವಾಘಾರ್ಶ್ ಸತ್ತದ್ದು ಫೆಬ್ರವರಿಯಲ್ಲಿ.
ಅಂಗಳದಲ್ಲಿ ಪೆಟ್ಟಿಗೆ, ಪಕ್ಕದಲ್ಲಿ ಅವನ ಖಾಲಿ ಕುರ್ಚಿ.
ಈಗ ಯಾರು ನುಡಿಸಬೇಕು?
ಶಿಷ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.
ಮ್ನಾತ್ಸಕಾನ್ ತನ್ನ ಸ್ಟೂಲು ತಂದ,
ಖಾಲಿ ಕುರ್ಚಿಗಿಂತ ಒಂದು ಗೇಣು ಹಿಂದೆ ಹಾಕಿದ,
ಅಳೆದು.
ಊದಿದ. ಅದೇ ಸ್ವರ.
ಐದು ನಿಮಿಷ. ಹತ್ತು. ಪಾದ್ರಿ ಗಡಿಯಾರ ನೋಡಿದರು.
ಹಿಂದಿನಿಂದ ಯಾರೋ, ಮುದುಕನಿಗೆ ಮರೆವು, ಅಂದರು.
ಆಮೇಲೆ ಯಾರೂ ಏನೂ ಅನ್ನಲಿಲ್ಲ.
ಖಾಲಿ ಕುರ್ಚಿಯ ಮೇಲೆ ಹಿಮ ಬಿದ್ದು
ಕೂತವರ ಹಾಗೆ ಎತ್ತರವಾಗುತ್ತಿತ್ತು.

ಊಟದ ಮೇಜಿನಲ್ಲಿ ಜಗಳ.
ಆ ಜೋಗುಳವನ್ನು ಎಷ್ಟು ಚೆನ್ನಾಗಿ ನುಡಿಸಿದ! ಅಂದಳು ಸಿರಾನುಶ್ ಅತ್ತೆ.
ಜೋಗುಳವೆಲ್ಲಿ ಬಂತು, ಅದು ಹುಲ್ಲು ಕೊಯ್ಯುವ ಹಾಡು, ಅಂದ ಗಂಡ.
ಇನ್ನೊಬ್ಬನಿಗೆ ಕುಣಿತ ಕೇಳಿಸಿತ್ತು, ಹೇಳಲು ನಾಚಿಕೊಂಡ.
ಮ್ನಾತ್ಸಕಾನ್ ರೊಟ್ಟಿ ಹರಿದು ಕಾಲುಸಾರಿಗೆ ಅದ್ದುತ್ತಿದ್ದ,
ತನಗೆ ಸಂಬಂಧವೇ ಇಲ್ಲದವನ ಹಾಗೆ.

ಆವತ್ತಿನಿಂದ ನನ್ನ ಚಿತ್ರಗಳಲ್ಲಿ
ಒಂದು ಮೂಲೆ ಬರೆಯದೆ ಬಿಡುತ್ತೇನೆ,
ಬೂದು ನೆಲ ಹಾಗೇ ಕಾಣಲಿ ಅಂತ.
ಕೊಳ್ಳುವವರು ಕೇಳುತ್ತಾರೆ: ಇದು ಯಾವಾಗ ಮುಗಿಯುತ್ತೆ?
ಒಬ್ಬ ಬೆಲೆಯನ್ನೇ ಇಳಿಸಿದ. ಇಳಿಸಲಿ.
ಕುಂಚದ ಡಬ್ಬಿಯಲ್ಲಿ ಅವನದೊಂದು ಜೊಂಡಿದೆ.
ಊದಲು ಬಾರದು ನನಗೆ.
ಸೀಳದಿರಲೆಂದು ವಾರಕ್ಕೊಮ್ಮೆ ನೆನೆಸುತ್ತೇನೆ,
ಅದೇ ಲೋಟ.

ಹುಡುಗ ಪೆನ್ನು ನಿಲ್ಲಿಸಿದ್ದ.
ಆ ಹೆಸರು ಇನ್ನೊಮ್ಮೆ, ಒಂದೊಂದೇ ಅಕ್ಷರ, ಎಂದ.
ಹೇಳಿದೆ.

ಭಾನುವಾರ ಪತ್ರಿಕೆ ಬಂತು. ವಾಘಾರ್ಶ್ ಇದ್ದ, ಮೇಷ್ಟ್ರೂ ಇದ್ದರು.
ಜಾಗ ಸಾಲಲಿಲ್ಲವೇನೋ.
ಫೋಟೋದಲ್ಲಿ ನನ್ನ ಮೂಗು ಇರುವುದಕ್ಕಿಂತ ದೊಡ್ಡದು;
ಎಡಗಡೆ, ಭುಜದಿಂದ ಒಂದು ಗೇಣು ಹಿಂದೆ,
ಒಣಗಲು ನಿಲ್ಲಿಸಿದ್ದ ಬರಿಯ ಬೂದು ಕ್ಯಾನ್ವಾಸು.