ಜೆ-ಹದಿನಾಲ್ಕು

ನೂಲಿನ ಗಿರಣಿ ಮುಚ್ಚಿದಾಗ ಲೆಕ್ಕದ ಕೋಣೆಯಿಂದ
ಇದನ್ನು ನಾನೇ ಜಾರುಬಂಡಿಯಲ್ಲಿ ಎಳೆದು ತಂದೆ,
ತಾಂಪೆರೆಯ ಇಳಿಜಾರಿನಲ್ಲಿ, ಹಿಂದೆ ಶಾಲೆಯ ಹುಡುಗರ ನಗೆ.
ಇಪ್ಪತ್ತಾರು ಕಿಲೋ. ಯೂನಿಕ್ಸ್. ಹಸಿರು ಅಕ್ಷರ.
ಹೊತ್ತಿಸಿದರೆ ಇಂದಿಗೂ ಕೇಳುವುದು ಒಂದೇ: ಯಾರು ನೀನು?
ತೆರ್ಹಿ, ಎಂದು ಒತ್ತುತ್ತೇನೆ. ಒಳಗೆ ಬಿಡುತ್ತದೆ.

ಕೈಪಿಡಿ ಮೂರು ಸಂಪುಟ. ಮೂರನ್ನೂ ಓದಿದ್ದೇನೆ,
ಎರಡನೆಯದನ್ನು ಸೌನಾದ ಹೊಸ್ತಿಲಲ್ಲಿ ಕೂತು ಎರಡು ಸಲ.
ಜೆ-ಹದಿಮೂರರ ತನಕ ಎಲ್ಲಕ್ಕೂ ಹೆಸರಿದೆ:
ಪ್ರಿಂಟರು, ಟೇಪು, ಮೋಡೆಮ್ಮು, ಮೆಮೊರಿ ಹಲಗೆ.
ಆಮೇಲೆ ನೇರ ಜೆ-ಹದಿನೈದು, ಫ್ಯಾನಿಗೆ.

ಮುಚ್ಚಳ ಬಿಚ್ಚಿದರೆ ಬೋರ್ಡಿನ ಎಡ ಅಂಚಿನಲ್ಲಿ
ಮೂರು ಸಾಲು, ತೊಂಬತ್ತಾರು ತೂತು,
ಪಕ್ಕದಲ್ಲಿ ಬಿಳಿ ಬಣ್ಣದ ಪುಟ್ಟ ಅಕ್ಷರ: ಜೆ-೧೪.
ಕಿವಿ ಚುಚ್ಚಿಸಿ ಓಲೆ ಕೊಡಿಸದೆ
ಹೋಗಿಬಿಟ್ಟಿದ್ದಾರೆ ಯಾರೋ.

ನಾನು ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನ ಹೆಂಗಸು.
ತಂತಿ ಹೋದಲ್ಲಿ ಮನೆಯೊಂದು ಇರಲೇಬೇಕು
ಅನ್ನುವುದು ನನ್ನ ಕಸುಬಿನ ಮೂಢನಂಬಿಕೆ.
ಮೀಟರಿನ ಎರಡು ಮುಳ್ಳು ಹಿಡಿದು, ಹೆರಿಂಗ್ ಜಾಡಿ ಬದಿಗೆ ಸರಿಸಿ,
ಒಂದೊಂದೇ ತೂತಿನ ನಾಡಿ ನೋಡಿದೆ.
ಇದು ಗ್ರೌಂಡು. ಇದೂ ಗ್ರೌಂಡು. ಇದು ಐದು ವೋಲ್ಟು.
ಇದು ಗಡಿಯಾರದ ಬಡಿತ, ತೆಳ್ಳಗೆ, ಬಿಡದೆ.
ಚೌಕಗೆರೆಯ ನೋಟ್‌ಬುಕ್ಕಿನಲ್ಲಿ ಎಂಬತ್ತೊಂಬತ್ತು ತುಂಬಿದವು.
ಏಳು ತುಂಬಲಿಲ್ಲ.

ಆಮೇಲೆ ಕರೆಯತೊಡಗಿದೆ.
ಸಿ ಭಾಷೆಯಲ್ಲಿ ಚಿಕ್ಕದೊಂದು ಡ್ರೈವರ್,
ಕರ್ನಲ್ಲಿನ ಕಂಕುಳಲ್ಲಿ ಕೂತು
ನಕ್ಷೆಯಲ್ಲಿ ಖಾಲಿ ಬಿಟ್ಟ ಒಂದೊಂದೇ ವಿಳಾಸದ ಕದ ತಟ್ಟಿತು.
ಈ ಯಂತ್ರದ ರೂಢಿ ಅಜ್ಜಿಕಥೆಯದು:
ಹೇಳುವವರು ಹೇಳಿದರೆ ಕೇಳುವವರು ಹೂಂಗುಟ್ಟಬೇಕು.
ಹೂಂ ಇಲ್ಲವೋ, ಕಥೆ ಅಲ್ಲಿಗೇ ಕಡಿಯಿತು.
ಬಸ್ ಎರರ್. ಪ್ಯಾನಿಕ್. ಡಿಸ್ಕು ಮೊದಲಿನಿಂದ ಗರಗರ.
ಯಾರು ನೀನು?
ತೆರ್ಹಿ ಮಾರಾಯಾ, ತೆರ್ಹಿ.

ನವೆಂಬರಿನಲ್ಲಿ ಇನ್ನೂರು ಸಲ ಸತ್ತಿತು.
ಪ್ರತಿ ಸಾವಿಗೂ ನಾಲ್ಕು ನಿಮಿಷ. ನಾನು ಕಾಲುಚೀಲ ಹೆಣೆದೆ.

ಒಂದು ರಾತ್ರಿ ಸಾಯಲಿಲ್ಲ. ಉತ್ತರ ಬಂತು: ಐವತ್ತೆರಡು.
ಎದ್ದ ರಭಸಕ್ಕೆ ಕುರ್ಚಿ ಬಿತ್ತು, ಕೆಳಮನೆಯವರು ಗೋಡೆ ಕುಟ್ಟಿದರು.
ಮತ್ತೆ ಕೇಳಿದೆ. ಅರುವತ್ತು. ಮತ್ತೆ. ಏಳು.
ಆಗ ಹೊಳೆಯಿತು, ಹೊಟ್ಟೆ ತಣ್ಣಗಾಯಿತು:
ಅದು ನಾನೇ ಹಿಂದೆ ಆಡಿದ ಬೈಟು,
ತಂತಿಯಲ್ಲಿ ಇನ್ನೂ ಆರದ ಪಸೆ.
ಬಾವಿಗೆ ಕೂಗಿ ಬಾವಿಯ ಉತ್ತರ ಎಂದುಕೊಂಡಿದ್ದೆ.

ಮಲಗಿದೆ. ನಾಲ್ಕು ಗಂಟೆಗೆ ಎಚ್ಚರ.
ಮಾತು ನನ್ನದೇ, ಸರಿ.
ಹೂಂ ಅಂದವರು ಯಾರು?

ಬರಿಗಾಲಲ್ಲಿ ಹೋಗಿ ಪ್ರೋಬ್ ಇಟ್ಟೆ.
ಗೊತ್ತಿಲ್ಲದ ಏಳರಲ್ಲಿ ಒಂದು, ಮೂವತ್ತೊಂದನೆಯ ತೂತು,
ಆ ವಿಳಾಸ ಕರೆದಾಗಲೆಲ್ಲ ಒಮ್ಮೆ ತಲೆ ತಗ್ಗಿಸುತ್ತಿತ್ತು.
ಉಗುರಿನಷ್ಟು ಚಿಪ್ಪು, ಮೇಲೆ ಕಂಪನಿಯ ಚೀಟಿ ಮಾತ್ರ,
ಬಾರದ ಹಲಗೆಯ ಪರವಾಗಿ
ನಲವತ್ತು ವರ್ಷದಿಂದ ಹಾಜರಿ ಹೇಳುತ್ತಿದೆ.

ಬೋರ್ಡಿನ ತಾಮ್ರದಲ್ಲಿ ಟಿ.ಕೆ. ಎಂದಿತ್ತು.
ಹುಡುಕಿದೆ. ಔಲುವಿನ ತೌನೋ ಕೆಸ್ಕಿತಾಲೊ, ಎಂಬತ್ತೆರಡು.
“ಹದಿನಾಲ್ಕೇ? ಬಣ್ಣದ ಪರದೆಗೋ, ಎರಡನೇ ಪ್ರೊಸೆಸರಿಗೋ,
ನೆನಪಿಲ್ಲಮ್ಮ. ಆ ವರ್ಷ ದುಡ್ಡು ಮುಗಿಯಿತು.”
ಫೋನಿನಲ್ಲಿ ಗಾಳಿ. ಮಂಜುಗಡ್ಡೆಯ ಮೇಲೆ ಮೀನು ಹಿಡಿಯುತ್ತಿದ್ದನಂತೆ.
“ಇನ್ನೂ ಹೂಂ ಅನ್ನುತ್ತದೆಯೇ?”
ಅನ್ನುತ್ತದೆ ಅಂದೆ.
“ಅಯ್ಯೋ,” ಅಂದ. ಆಮೇಲೆ, “ತಡಿ, ಮೀನು ಕಚ್ಚಿತು.”

ಫೆಬ್ರವರಿಯಲ್ಲಿ ಕನೆಕ್ಟರ್ ಸಿಕ್ಕಿತು, ತೊಂಬತ್ತಾರು ಬೆಸುಗೆ,
ಎರಡು ಕನ್ನಡಕ ಒಂದರ ಮೇಲೊಂದು.
ಅದಕ್ಕೆ ನಾನೇ ಕೊರೆದ ಹಲಗೆ: ಒಂದು ಲ್ಯಾಚು, ಎಂಟು ದೀಪ.
ಬಣ್ಣದ ಪರದೆಯಲ್ಲ, ಎರಡನೇ ಮಿದುಳಲ್ಲ,
ಆ ಜಾಗಕ್ಕೆ ಕೊನೆಗೂ ಬಂದ ಅತಿಥಿ ಇಷ್ಟೇ.
ಇನ್ನೂರ ಐವತ್ತೈದು ಬರೆದೆ, ಎಲ್ಲ ದೀಪಕ್ಕೂ ಹೊತ್ತು ಎಂದು.

ಏಳು ಹೊತ್ತಿದವು.
ಎಂಟನೆಯದನ್ನು ತಿರುಗುಮುರುಗಾಗಿ ಬೆಸೆದಿದ್ದೆ.