ತಟ್ಟೆಯ ಸದ್ದು

ಬಸ್ಸು ಬಿಟ್ಟಲ್ಲಿಂದ ಎರಡು ಮೈಲಿ ಏರು.
ಮೊಮ್ಮಗಳು ನಾರೆ ಮುಂದೆ,
ಮಂಡಿ ಹಿಡಿದುಕೊಂಡು ನಾನು ಹಿಂದೆ.
ಚೀಲದಲ್ಲಿ ಲವಾಶ್ ರೊಟ್ಟಿ, ಒಣ ಜರ್ದಾಳು,
ನೀರಿನ ಸೀಸೆ, ಒಂದು ಸ್ಟೀಲಿನ ಲೋಟ.
ತಿನಿಸನ್ನು ಗೇಟಿನಲ್ಲೇ ಇಸಿದುಕೊಂಡರು:
ಪ್ರಾಣಿಗಳಿಗೆ ಹೊರಗಿನದು ಏನೂ ಕೊಡುವಂತಿಲ್ಲ.
ಸರಿಯೇ. ಹೊರಗಿನದು ಏನು ಮಾಡುತ್ತದೆಂದು
ನನಗಿಂತ ಬಲ್ಲವರು ಯಾರಿದ್ದಾರು?

ದೆಬೆದ್ ನದಿಯ ದಡದಲ್ಲಿ ಸೆರೋಬನ ಹೋಟೆಲು.
ಹದಿನಾಲ್ಕು ವರ್ಷ ಅಲ್ಲಿ ತಟ್ಟೆ ತೊಳೆದೆ.
ಹಿತ್ತಲ ನಲ್ಲಿಗೂ ಕರಡಿಯ ಪಂಜರಕ್ಕೂ ನಡುವೆ
ನನ್ನದೊಂದು ತೋಳಿನಷ್ಟು ಜಾಗ.
ಲಾರಿಯವರು, ಮದುವೆ ದಿಬ್ಬಣದವರು,
ಸೀಸೆಯೊಡ್ಡಿ ಕುಡಿಸಿ ನಗುತ್ತಿದ್ದರು.
ಕರಡಿಗೆ ಬಿಯರು, ಮಕ್ಕಳಿಗೆ ಪಾನಕ, ಎಲ್ಲಕ್ಕೂ ಒಂದೇ ಬಿಲ್ಲು.
ಅದು ಎದ್ದು ನಿಂತು ಎರಡೂ ಕೈ ಚಾಚುತ್ತಿತ್ತು.
ಕೈ ಅಂದೆನೇ?
ಇರಲಿ, ಕೈಯೇ.
ಜನರಲ್ ಎಂದು ಅದಕ್ಕೆ ಹೆಸರು. ಬಂದವರೆಲ್ಲ ಸಲ್ಯೂಟ್ ಹೊಡೆಯುತ್ತಿದ್ದರು.

ನಾನು ಕೆಟ್ಟವಳಲ್ಲ ಅಂದುಕೊಂಡಿದ್ದೆ.
ತಗಡಿನ ತಟ್ಟೆಯನ್ನು ಕಲ್ಲಿಗೆ ಬಡಿದು ಎಂಜಲು ಉದುರಿಸುವಾಗ
ಟಣ್ ಟಣ್, ಎರಡು ಸಲ, ಅದಕ್ಕೇ ಎಂದು.
ಮೂಳೆಯೋ ರೊಟ್ಟಿಯ ಅಂಚೋ ಕಂಬಿಸಂದಿಗೆ ತಳ್ಳುತ್ತಿದ್ದೆ.
ಗಂಡನ ಮೇಲಿನ ಸಿಟ್ಟನ್ನು ಎಷ್ಟೋ ರಾತ್ರಿ
ಅದರ ಮುಂದೆಯೇ ತೋಡಿಕೊಂಡೆ.
ಪಂಜರದ ಬೀಗದಕೈ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು.
ಅದೇ ಮೊಳೆಗೆ, ಅದರ ಮೇಲೆಯೇ,
ದಿನವೂ ನನ್ನ ಒದ್ದೆ ಏಪ್ರನ್ ತೂಗುಹಾಕಿ
ಮನೆಗೆ ಹೋದೆ.

ಇಲ್ಲಿ ಅರ್ತಾಶೆಸ್ ಎಂಬ ಹುಡುಗ, ಬೂಟು ಬಾಯಿ ಬಿಟ್ಟಿದೆ,
ನಮ್ಮನ್ನು ಬೇಲಿಯುದ್ದಕ್ಕೂ ನಡೆಸಿಕೊಂಡು ಹೋದ.
ಒಂದು ಕಣ್ಣಿನ ಲಿಂಕ್ಸ್. ಬಲೆಯಲ್ಲಿ ಕಾಲು ಕಳೆದುಕೊಂಡ ತೋಳ.
ಆಮೇಲೆ ಓಕ್ ಮರದ ಬುಡಕ್ಕೆ ಬೆರಳು ಮಾಡಿ,
‘ಇವಳು ಶುಶಾನ್. ನದಿ ಬದಿಯ ಹೋಟೆಲಿನಿಂದ ಬಂದವಳು.’

ಇವಳು.
ಹದಿನಾಲ್ಕು ವರ್ಷ ಒಂದು ತೋಳಿನ ದೂರದಲ್ಲಿದ್ದು
ನಾನು ಅಷ್ಟನ್ನೂ ನೋಡಿರಲಿಲ್ಲ.

ಮೊದಲ ಎರಡು ಚಳಿಗಾಲ ಇವಳು ಮಲಗಲೇ ಇಲ್ಲವಂತೆ.
ಹಿಮ ಬಿದ್ದರೂ ಗಿರಾಕಿಗಳಿಗಾಗಿ ಕಾದಂತೆ
ಎಂಟು ಹೆಜ್ಜೆ ಅತ್ತ, ಎಂಟು ಹೆಜ್ಜೆ ಇತ್ತ.
‘ನಿದ್ದೆ ಹೇಳಿಕೊಡೋಕೆ ಬರಲ್ಲ ಅಮ್ಮಾ.
ಗುಹೆಯಲ್ಲಿ ಹುಲ್ಲು ಹಾಸಿ ಕಾದೆವು.
ಮೂರನೇ ವರ್ಷ ಒಂದು ದಿನ ಹೊರಗೆ ಬರಲಿಲ್ಲ.
ಸತ್ತಳೇನೋ ಎಂದು ಕಿವಿಯಿಟ್ಟೆ. ಗೊರಕೆ.
ಅಲ್ಲೇ ಕೂತು ಅತ್ತುಬಿಟ್ಟೆ’ ಎಂದು ಹುಡುಗ ನಕ್ಕ.

ಅವಳು ಬೆನ್ನು ತಿರುಗಿಸಿ ಮಣ್ಣು ಕೆದಕುತ್ತಿದ್ದಳು.
ಯಾವುದೋ ಗಡ್ಡೆ, ಯಾವುದೋ ಹುಳು,
ಯಾರೂ ಕೊಡದೆ ಅವಳಿಗೇ ಸಿಕ್ಕಿದ್ದು.
‘ಅಜ್ಜೀ, ಮುಖ ಕಾಣ್ತಿಲ್ಲ. ಕರಿ’ ಎಂದಳು ನಾರೆ.

ಬೇಲಿಯ ಕಂಬ ಕಬ್ಬಿಣದ್ದು. ಲೋಟ ನನ್ನ ಕೈಯಲ್ಲೇ ಇತ್ತು.
ಎರಡೇ ಸಲ ಬಡಿದರೆ
ತಿರುಗಿಯಾಳು, ಎದ್ದು ನಿಂತಾಳು,
ಕೈ ಚಾಚಿಯಾಳು. ನನ್ನನ್ನು ಗುರುತು ಹಿಡಿದಾಳು.
ಒಬ್ಬರಾದರೂ ಗುರುತು ಹಿಡಿಯಲಿ ಎಂಬ ಆಸೆ
ಈ ವಯಸ್ಸಿನಲ್ಲಿ ಹಸಿವಿಗಿಂತ ಕೆಟ್ಟದ್ದು.

ತಲೆವಸ್ತ್ರ ಬಿಚ್ಚಿ ಲೋಟಕ್ಕೆ ಸುತ್ತಿದೆ,
ಒಂದು ಸುತ್ತು, ಇನ್ನೊಂದು ಸುತ್ತು,
ಹಸುಗೂಸನ್ನು ಸುತ್ತಿದ ಹಾಗೆ.
ಗಾಳಿಗೆ ನನ್ನ ಬಿಳಿಕೂದಲು ಹಾರಿ
ಹುಡುಗ ಬೇರೆಡೆ ನೋಡಿದ.

ಬಾಗಿಲ ಬಳಿ ಕಾಣಿಕೆಯ ತಗಡಿನ ಡಬ್ಬಿ.
ಚಿಲ್ಲರೆ ಹಾಕಿದರೆ ಸದ್ದಾದೀತು.
ಸಾವಿರ ದ್ರಾಮಿನ ನೋಟು ಮಡಚಿ ತೂರಿಸಿದೆ,
ವಾಪಸ್ ಬಸ್ಸಿಗೆಂದು ಇಟ್ಟಿದ್ದು.
ರೊಟ್ಟಿ ಹಿಂದಕ್ಕೆ ಕೊಟ್ಟರು.

ಇಳಿಜಾರಿನಲ್ಲಿ ಹರಿದು ಹಂಚಿಕೊಂಡು ತಿಂದೆವು.
‘ಅದು ನಿನಗೆ ಮೊದಲೇ ಗೊತ್ತಿತ್ತಾ?’ ನಾರೆ ಕೇಳಿದಳು.
‘ಅದು ಅಲ್ಲ, ಅವಳು’ ಎಂದೆ.
ಬಾಯಲ್ಲಿ ರೊಟ್ಟಿಯಿತ್ತು.
ಊರು ಇನ್ನೂ ಒಂಬತ್ತು ಮೈಲಿ.